ಕಾಣೆಯಾಗುವ ಹಕ್ಕು

ಒಬ್ಬ ಮನುಷ್ಯ ಕಾಣೆಯಾಗಬೇಕಾದರೂ ಮೊದಲು ಅವನು ಯಾವುದಾದರೂ ಲೆಕ್ಕದಲ್ಲಿ ಇರಬೇಕು. ಹಾಜರಿ ಪುಸ್ತಕದಲ್ಲೋ ಸಂಬಳದ ರಿಜಿಸ್ಟರಿನಲ್ಲೋ ಅವನ ಹೆಸರಿರಬೇಕು. ಹೆಸರು ಕೂಗಿದಾಗ ಉತ್ತರ ಬರಲಿಲ್ಲ ಅಂದರೆ ಅವನು ಕಾಣೆಯಾದ ಅಂತ ಗೊತ್ತಾಗುತ್ತದೆ. ಆಮೇಲೆ ಹುಡುಕಾಟ ಶುರುವಾಗುತ್ತದೆ. ಹೆಸರೇ ಕೂಗದವನ ವಿಷಯದಲ್ಲಿ ಇದ್ಯಾವುದೂ ಆಗುವುದಿಲ್ಲ. ಅವನು ಇದ್ದ ಅಂತಲೂ ಇಲ್ಲ, ಹೋದ ಅಂತಲೂ ಇಲ್ಲ.

ಈ ಮಾತು ನಮ್ಮ ತಲೆಗೆ ಹೊಕ್ಕಿದ್ದು ಒಂದು ಹಳೆಯ ಬಾಂಬರ್ ವಿಮಾನದ ಕಥೆಯಿಂದ. ನಮ್ಮ ಪತ್ರಿಕೆಗೂ ಬಾಂಬರ್ ವಿಮಾನಕ್ಕೂ ಏನಪ್ಪಾ ಸಂಬಂಧ ಅಂತ ಗೆಳೆಯರು ಕೇಳಬಹುದು. ಎರಡನೇ ಮಹಾಯುದ್ಧದಲ್ಲಿ ಬಿದ್ದ ವಿಮಾನಗಳು ಮರಳುಗಾಡಿನಲ್ಲಿ, ಜೌಗು ನೆಲದಲ್ಲಿ, ಹಿಮದಲ್ಲಿ, ಕಾಡುಬೆಟ್ಟಗಳಲ್ಲಿ ಹತ್ತಾರು ವರ್ಷ ಅನಾಥವಾಗಿ ಬಿದ್ದಿದ್ದವು. ಎಷ್ಟೋ ಈಗಲೂ ಬಿದ್ದಿವೆ. ಅವನ್ನು ಹುಡುಕಿಕೊಂಡು ಹೋಗುವ ಜನರಿದ್ದಾರೆ, ಸರ್ಕಾರಗಳಿವೆ, ಮ್ಯೂಸಿಯಂಗಳಿವೆ. ಆ ಹುಡುಕಾಟದ ಕಥೆಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ನಮಗೂ ಹಾಗೇ ಆಯಿತು. ಆದರೆ ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ಸತ್ತವರಲ್ಲಿ ಯಾರನ್ನು ಹುಡುಕಬೇಕು, ಯಾರನ್ನು ಬಿಡಬೇಕು ಅಂತ ತೀರ್ಮಾನ ಮಾಡುವವರು ಯಾರು? ಆ ತೀರ್ಮಾನ ನ್ಯಾಯವೇ?

೧

ಆ ವಿಮಾನ ಬಿ-೨೪ ಎಂಬ ನಮೂನೆಯದು. ಅಮೆರಿಕದಲ್ಲಿ ತಯಾರಾದ ನಾಲ್ಕು ಎಂಜಿನ್ನಿನ ಬಾಂಬರ್. ಅದಕ್ಕೆ ಇಟ್ಟ ಹೆಸರು 'ಲಿಬರೇಟರ್', ಅಂದರೆ ವಿಮೋಚಕ, ಬಿಡುಗಡೆ ಮಾಡುವವನು. ಯುದ್ಧದ ಕಾಲದಲ್ಲಿ ಇಂಥ ೧೮ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಕಟ್ಟಿದರು. ಅದರಲ್ಲಿ ಒಂದಕ್ಕೆ ಸೈನಿಕರು ಕರೆಯುತ್ತಿದ್ದ ಹೆಸರು 'ಲೇಡಿ ಬಿ ಗುಡ್'.

೧೯೪೩ರ ಏಪ್ರಿಲ್ ೪ರ ಮಧ್ಯಾಹ್ನ ಇದು ಲಿಬಿಯಾದ ಸುಲೂಕ್ ಎಂಬಲ್ಲಿದ್ದ ವಿಮಾನನೆಲೆಯಿಂದ ಇಟಲಿಯ ನೇಪಲ್ಸ್ ಬಂದರಿನ ಮೇಲೆ ಬಾಂಬು ಹಾಕಲು ಹೊರಟಿತು. ಒಟ್ಟು ಹೊರಟದ್ದು ೨೫ ವಿಮಾನ. ಇದರಲ್ಲಿದ್ದವರು ಒಂಬತ್ತು ಜನ. ಈ ಒಂಬತ್ತು ಜನ ಒಟ್ಟಾಗಿ ಹೊರಟ ಮೊದಲನೇ ದಾಳಿ ಅದು. ಮರಳ ಗಾಳಿ ಎದ್ದಿತ್ತು. ಜೊತೆಯ ಹಲವು ವಿಮಾನಗಳು ತಿರುಗಿ ಬಂದವು. ಇವರು ಮುಂದೆ ಹೋದರು. ನೇಪಲ್ಸ್ ತಲುಪುವ ಹೊತ್ತಿಗೆ ಕತ್ತಲಾಗಿ ಗುರಿ ಕಾಣಲಿಲ್ಲ. ಬಾಂಬುಗಳನ್ನು ಸಮುದ್ರಕ್ಕೆ ಸುರಿದು ಹಿಂದಿರುಗಿದರು.

ನಡುರಾತ್ರಿ ದಾಟಿದ ಮೇಲೆ ಪೈಲಟ್ ವಿಲಿಯಂ ಹ್ಯಾಟನ್ ರೇಡಿಯೋದಲ್ಲಿ ದಿಕ್ಕು ಕೇಳಿದ. ವಿಮಾನ ಯಾವ ಗೆರೆಯ ಮೇಲಿದೆ ಅನ್ನುವುದನ್ನು ನೆಲದ ಮೇಲಿನ ಯಂತ್ರ ಹೇಳಬಲ್ಲದಾಗಿತ್ತು. ಆ ಗೆರೆಯಲ್ಲಿ ಈಚೆ ಇದೆಯೋ ಆಚೆ ಇದೆಯೋ ಅನ್ನುವುದನ್ನು ಹೇಳಲಾರದು. ವಿಮಾನ ಇನ್ನೂ ಸಮುದ್ರದ ಮೇಲಿದೆ ಅಂತಲೇ ಅಂದುಕೊಂಡರು. ನಿಜದಲ್ಲಿ ಅದು ನೆಲೆಯನ್ನು ದಾಟಿ ಸಹಾರಾದ ಹೊಟ್ಟೆಯೊಳಕ್ಕೆ ಹೋಗುತ್ತಿತ್ತು. ರಾತ್ರಿ ಸುಮಾರು ಎರಡು ಗಂಟೆಗೆ, ಇಂಧನ ಮುಗಿಯುತ್ತಾ ಬಂದಾಗ, ಒಂಬತ್ತು ಜನರೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಆಳಿಲ್ಲದ ವಿಮಾನ ಇನ್ನೂ ಸುಮಾರು ೨೫ ಕಿಲೋಮೀಟರ್ ತೇಲಿಕೊಂಡು ಹೋಗಿ ಹೊಟ್ಟೆಯ ಮೇಲೆ ಮರಳಿಗೆ ಇಳಿಯಿತು. ಅದು ಸುಲೂಕಿನಿಂದ ಸುಮಾರು ೭೦೦ ಕಿಲೋಮೀಟರ್ ಒಳಗೆ.

ಒಬ್ಬನ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಅವನು ಬಿದ್ದಲ್ಲೇ ಸತ್ತ. ಉಳಿದ ಎಂಟು ಜನ ಕತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಒಂದಾದರು. ಸಮುದ್ರ ಹತ್ತಿರದಲ್ಲೇ ಇದೆ ಅಂತ ನಂಬಿ ಉತ್ತರ ದಿಕ್ಕಿಗೆ ನಡೆಯಲು ಶುರು ಮಾಡಿದರು. ಕೈಯಲ್ಲಿದ್ದದ್ದು ಅರ್ಧ ಬಾಟಲಿ ನೀರು. ದಿನಕ್ಕೆ ತಲೆಗೊಂದು ಮುಚ್ಚಳದಷ್ಟು ನೀರು ಹಂಚಿಕೊಂಡು ಎಂಟು ಜನ ನಡೆದರು. ನೀರೂ ಆಹಾರವೂ ಇದ್ದ ವಿಮಾನ ಅವರ ಬೆನ್ನ ಹಿಂದೆ, ದಕ್ಷಿಣಕ್ಕೆ ಬಿದ್ದಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಐದು ಜನ ನಡೆಯಲಾರದೆ ಒಂದು ಕಡೆ ಉಳಿದರು. ಮೂವರು ಮುಂದೆ ಹೋದರು. ಸಹಪೈಲಟ್ ರಾಬರ್ಟ್ ಟೋನರ್ ಒಂದು ಪುಟ್ಟ ಡೈರಿಯಲ್ಲಿ ದಿನಾ ಎರಡೆರಡು ಸಾಲು ಬರೆಯುತ್ತಿದ್ದ. ಕೊನೆಯ ಬರಹ ಏಪ್ರಿಲ್ ೧೨ರದು. ಎಂಟು ದಿನ! ಅರ್ಧ ಬಾಟಲಿ ನೀರಿನಲ್ಲಿ ಎಂಟು ದಿನ ಮನುಷ್ಯ ಜೀವ ಹಿಡಿದಿತ್ತು.

ಸೈನ್ಯದವರು ವಿಮಾನ ಸಮುದ್ರಕ್ಕೆ ಬಿದ್ದಿದೆ ಅಂತ ತಿಳಿದರು. ಹದಿನೈದು ವರ್ಷ ಯಾರಿಗೂ ಅದು ಬೇಕಾಗಲಿಲ್ಲ. ೧೯೫೮ರಲ್ಲಿ ಮರಳುಗಾಡಿನ ಮೇಲೆ ಎಣ್ಣೆ ಹುಡುಕುತ್ತಾ ಹಾರಾಡುತ್ತಿದ್ದ ಬ್ರಿಟಿಷ್ ಕಂಪನಿಯವರ ಕಣ್ಣಿಗೆ ಅದು ಬಿತ್ತು. ೧೯೫೯ರಲ್ಲಿ ಹತ್ತಿರ ಹೋಗಿ ನೋಡಿದರೆ ಮೆಷಿನ್ ಗನ್ ಇನ್ನೂ ಗುಂಡು ಹಾರಿಸುತ್ತಿತ್ತು, ರೇಡಿಯೋ ಕೆಲಸ ಮಾಡುತ್ತಿತ್ತು, ಫ್ಲಾಸ್ಕಿನಲ್ಲಿದ್ದದ್ದು ಇನ್ನೂ ಕುಡಿಯುವ ಹಾಗಿತ್ತು. ಒಳಗೆ ಮನುಷ್ಯರಿರಲಿಲ್ಲ. ಅಮೆರಿಕದ ಸೈನ್ಯ ಹುಡುಕಾಟಕ್ಕೆ ಇಳಿಯಿತು. ದಾರಿಯುದ್ದಕ್ಕೂ ಅವರು ಬಿಟ್ಟುಹೋಗಿದ್ದ ಬೂಟುಗಳು, ಕಲ್ಲು ಹೇರಿ ಬಾಣದ ಗುರುತಿನಂತೆ ಹಾಸಿದ್ದ ಪ್ಯಾರಾಚೂಟಿನ ಬಟ್ಟೆ ಸಿಕ್ಕವು. ೧೯೬೦ರ ಫೆಬ್ರವರಿಯಲ್ಲಿ, ಮತ್ತೆ ಎಣ್ಣೆ ಹುಡುಕುವವರಿಗೇ, ಐದು ದೇಹಗಳು ಸಿಕ್ಕವು. ವಿಮಾನ ಬಿದ್ದ ಜಾಗದಿಂದ ಸುಮಾರು ೧೩೦ ಕಿಲೋಮೀಟರ್ ದೂರದಲ್ಲಿ. ಅದೇ ವರ್ಷ ಇನ್ನೂ ಮೂರು ಸಿಕ್ಕವು. ಅವರಲ್ಲಿ ಇಬ್ಬರು ಆ ಐದು ಜನರಿಗಿಂತ ಸುಮಾರು ೪೦ ಕಿಲೋಮೀಟರ್ ಮುಂದೆ ನಡೆದಿದ್ದರು. ಒಬ್ಬನ ದೇಹ ಮಾತ್ರ ಅಧಿಕೃತವಾಗಿ ಸಿಗಲೇ ಇಲ್ಲ. ಸಿಕ್ಕವರನ್ನು ಊರಿಗೆ ಒಯ್ದು ಮಣ್ಣು ಮಾಡಿದರು. ವಿಮಾನದ ಕೆಲವು ಭಾಗಗಳು ಅಮೆರಿಕದ ಮ್ಯೂಸಿಯಂಗೆ ಹೋದವು. ಉಳಿದ ಅವಶೇಷವನ್ನು ೧೯೯೪ರಲ್ಲಿ ಲಿಬಿಯಾದವರು ಮರಳಿನಿಂದ ಎತ್ತಿ ತೊಬ್ರುಕ್ ಕಡೆಗೆ ಸಾಗಿಸಿದರು.

ಈ ಹುಡುಗರ ಬಗ್ಗೆ ನಮಗೆ ಹಗೆ ಇಲ್ಲ. ಬಾಯಾರಿ ಸತ್ತವನು ಯಾವ ದೇಶದವನಾದರೂ ಬಾಯಾರಿ ಸತ್ತವನೇ. ನೀರಿಗಾಗಿ ಮೈಲಿಗಟ್ಟಲೆ ನಡೆದ ಜನ ನಾವು, ಬಾವಿಕಟ್ಟೆಯ ಕೆಳಗೆ ನಿಂತು ಯಾರಾದರೂ ನೀರು ಹಾಕಲಿ ಅಂತ ಕಾದವರ ಮೊಮ್ಮಕ್ಕಳು ನಾವು. ಆ ಮುಚ್ಚಳದ ನೀರಿನ ಬೆಲೆ ನಮಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

೨

ಇಲ್ಲಿಗೆ ಕಥೆ ಮುಗಿಯಿತು ಅಂತ ಬಿಡಬಹುದಿತ್ತು. ಆದರೆ ವಿಮಾನ ಹೊರಟ ಜಾಗದ ಹೆಸರು ನಮ್ಮನ್ನು ಬಿಡಲಿಲ್ಲ. ಸುಲೂಕ್. ಈ ಹೆಸರನ್ನು ಬೇರೆಲ್ಲೋ ಓದಿದ್ದೇವಲ್ಲ ಅನ್ನಿಸಿತು.

ವಿಮಾನ ಹಾರುವುದಕ್ಕೆ ಹನ್ನೆರಡು ವರ್ಷ ಮುಂಚೆ, ೧೯೩೧ರ ಸೆಪ್ಟೆಂಬರ್ ೧೬ರಂದು, ಇದೇ ಸುಲೂಕಿನಲ್ಲಿ ಇಟಲಿಯವರು ಉಮರ್ ಮುಖ್ತಾರ್ ಎಂಬ ಹಿರಿಯರನ್ನು ಗಲ್ಲಿಗೇರಿಸಿದರು. ಎಪ್ಪತ್ತರ ಆಸುಪಾಸಿನ ಅವರು ಮೂಲತಃ ಮಕ್ಕಳಿಗೆ ಕುರಾನ್ ಹೇಳಿಕೊಡುತ್ತಿದ್ದ ಮೇಷ್ಟ್ರು. ಇಟಲಿಯ ಸಾಮ್ರಾಜ್ಯಶಾಹಿಯ ವಿರುದ್ಧ ಸುಮಾರು ಇಪ್ಪತ್ತು ವರ್ಷ ಕುದುರೆಯ ಮೇಲೆ ಕೂತು ಹೋರಾಡಿದವರು. ಅವರು ಸಾಯುವುದನ್ನು ನೋಡಲೇಬೇಕು ಅಂತ ೨೦ ಸಾವಿರದಷ್ಟು ಜನರನ್ನು ಎಳೆತಂದು ನಿಲ್ಲಿಸಿದ್ದರು. ಎಲ್ಲಿಂದ ತಂದರು ಅಷ್ಟು ಜನರನ್ನು? ಅಲ್ಲೇ ಇದ್ದರು. ಸುಲೂಕ್ ಆಗ ಒಂದು ಕೈದಿ ಶಿಬಿರ.

ಹೋರಾಟಗಾರರಿಗೆ ಊಟ ಕೊಡುವವರು ಯಾರೂ ಇರಬಾರದು ಅಂತ ೧೯೩೦ರಲ್ಲಿ ಇಟಲಿಯವರು ಪೂರ್ವ ಲಿಬಿಯಾದ ಹಸಿರು ಬೆಟ್ಟದ ಪಶುಪಾಲಕ ಜನರನ್ನೆಲ್ಲ, ಸುಮಾರು ಒಂದು ಲಕ್ಷ ಜನರನ್ನು, ಹೆಂಗಸರು ಮಕ್ಕಳು ಮುದುಕರು ಅನ್ನದೆ ಮರಳಿನ ಕಡೆಗೆ ಅಟ್ಟಿಕೊಂಡು ಹೋದರು. ಸುಲೂಕ್, ಅಲ್-ಮಗ್ರುನ್, ಮರ್ಸಾ ಬ್ರೇಗಾ, ಅಲ್-ಅಘೈಲಾ, ಹೀಗೆ ಮುಳ್ಳುತಂತಿಯ ಬೇಲಿ ಹಾಕಿ ಒಳಗೆ ಕೂಡಿದರು. ಬಾವಿಗಳನ್ನು ಮುಚ್ಚಿದರು. ಕುರಿ, ಮೇಕೆ, ಒಂಟೆಗಳು ಸತ್ತವು. ೧೯೩೩ರ ಹೊತ್ತಿಗೆ ಈ ಶಿಬಿರಗಳಲ್ಲಿ ಹಸಿವಿನಿಂದ, ರೋಗದಿಂದ, ಗಲ್ಲಿನಿಂದ ಸತ್ತವರು ೪೦ ಸಾವಿರದಿಂದ ೭೦ ಸಾವಿರ ಅಂತ ಬೇರೆಬೇರೆ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ.

ಈ ಲೆಕ್ಕವನ್ನು ಇನ್ನೊಂದು ಸಲ ಓದಬೇಕು. ಎರಡು ಅಂಕಿಗಳ ನಡುವೆ ಇರುವ ಅಂತರ ೩೦ ಸಾವಿರ. ಮೂವತ್ತು ಸಾವಿರ ಮನುಷ್ಯರು ಇದ್ದರೋ ಇರಲಿಲ್ಲವೋ ಅನ್ನುವುದೇ ಇತಿಹಾಸಕ್ಕೆ ತೀರ್ಮಾನವಾಗಿಲ್ಲ. ಅತ್ತ ಒಂಬತ್ತು ಜನರ ಹೆಸರು, ಊರು, ಹುದ್ದೆ, ಯಾರು ಎಷ್ಟು ದೂರ ನಡೆದರು ಅನ್ನುವ ಲೆಕ್ಕ ಎಲ್ಲವೂ ಸಿಗುತ್ತದೆ.

ಬಾಯಾರಿ ನಡೆದವರಲ್ಲೂ ಆ ಎಂಟು ಜನ ಮೊದಲಿಗರಲ್ಲ. ೧೯೩೧ರ ಜನವರಿಯಲ್ಲಿ ಇಟಲಿಯ ಸೈನ್ಯ ದಕ್ಷಿಣದ ಕುಫ್ರಾ ಓಯಸಿಸ್ ಹಿಡಿದಾಗ ಅಲ್ಲಿಯ ಜನ ಜೀವ ಉಳಿಸಿಕೊಳ್ಳಲು ಮರಳಿಗೆ ಇಳಿದರು. ಕೂಸುಗಳನ್ನು ಕಟ್ಟಿಕೊಂಡು ಈಜಿಪ್ಟಿನ ಕಡೆಗೆ, ಸೂಡಾನಿನ ಕಡೆಗೆ ನಡೆದರು. ನೂರಾರು ಕಿಲೋಮೀಟರ್ ಹನಿ ನೀರಿಲ್ಲದ ದಾರಿ. ಕೆಲವರನ್ನು ಆ ಕಡೆ ಭೂಮಾಪನ ಮಾಡುತ್ತಿದ್ದವರು ಕಂಡು ಉಳಿಸಿದರು. ಎಷ್ಟೋ ಜನ ದಾರಿಯಲ್ಲೇ ಮಲಗಿದರು. ಅವರ ಕೈಯಲ್ಲಿ ಡೈರಿ ಇರಲಿಲ್ಲ. ಅವರು ಬಿಟ್ಟ ಗುರುತುಗಳನ್ನು ಹಿಂಬಾಲಿಸಿಕೊಂಡು ಯಾವ ಸೈನ್ಯವೂ ಬರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ೧೯೧೧ರ ನವೆಂಬರ್ ೧ರಂದು ಇಟಲಿಯ ಜೂಲಿಯೋ ಗವೊಟ್ಟಿ ಎಂಬ ಪೈಲಟ್ ಟ್ರಿಪೊಲಿ ಹತ್ತಿರ ವಿಮಾನದಿಂದ ಕೈಯಾರೆ ಬಾಂಬುಗಳನ್ನು ಎಸೆದ. ವಿಮಾನದಿಂದ ಬಾಂಬು ಹಾಕುವ ಯುದ್ಧವಿದ್ಯೆ ಭೂಮಿಯ ಮೇಲೆ ಶುರುವಾದದ್ದೇ ಲಿಬಿಯಾದಲ್ಲಿ. ಬಾಂಬರ್ ಅನ್ನುವ ವಸ್ತು ಹುಟ್ಟಿದ್ದೂ ಆ ನೆಲದ ಜನರ ತಲೆಯ ಮೇಲೆ, ಆಮೇಲೆ ಅದು ಬಿದ್ದು ಮ್ಯೂಸಿಯಮ್ಮಿನ ವಸ್ತುವಾದದ್ದೂ ಆ ನೆಲದ ಮೇಲೆ. ನಡುವೆ ಸತ್ತ ಜನ ಮಾತ್ರ ಆ ಮ್ಯೂಸಿಯಮ್ಮಿಗೆ ಸೇರಿದವರಲ್ಲ.

೩

ಗೆಳೆಯರೊಬ್ಬರು ಇದನ್ನು ಕೇಳಿ ನಮ್ಮನ್ನು ತರಾಟೆಗೆ ತೆಗೆದುಕೊಂಡರು. "ಏನಯ್ಯಾ, ಆ ಒಂಬತ್ತು ಜನರನ್ನು ಹುಡುಕಿದ್ದು ತಪ್ಪು ಅಂತೀಯಾ? ಅವರೂ ಇಟಲಿಯ ಫ್ಯಾಸಿಸ್ಟರ ವಿರುದ್ಧವೇ ಹೋದವರು. ಬಡವರ ಮನೆ ಮಕ್ಕಳೂ ಅದರಲ್ಲಿ ಇದ್ದಿರಬಹುದು" ಅಂದರು.

ಅವರ ಮಾತು ನಿಜ. ಹುಡುಕಿದ್ದು ತಪ್ಪಲ್ಲ. ಸತ್ತ ಮಗನ ಮೂಳೆ ತಾಯಿಯ ಊರಿಗೆ ಬಂದು ಸೇರಬೇಕು ಅನ್ನುವುದು ಮನುಷ್ಯರು ಕಂಡುಕೊಂಡ ದೊಡ್ಡ ಧರ್ಮಗಳಲ್ಲಿ ಒಂದು. ಹದಿನೇಳು ವರ್ಷ ಆದ ಮೇಲೂ ಮರಳು ಸೋಸಿ ಎಂಟು ಜನರನ್ನು ಎತ್ತಿಕೊಂಡು ಹೋದರಲ್ಲ, ಅದಕ್ಕೆ ನಾವು ಕೈ ಮುಗಿಯುತ್ತೇವೆ. ನಮ್ಮ ಪ್ರಶ್ನೆ ಬೇರೆ. ಒಬ್ಬ ಮನುಷ್ಯನ ಸಾವಿಗೆ ಸಲ್ಲಬೇಕಾದ ಗೌರವ ಎಷ್ಟು ಅನ್ನುವುದನ್ನು ಅವರೇ ತೋರಿಸಿಕೊಟ್ಟಿದ್ದಾರೆ. ಆ ಕೋಲಿನಿಂದಲೇ ಉಳಿದವರ ಸಾವನ್ನೂ ಅಳೆಯಿರಿ ಅಂತ ಕೇಳುತ್ತೇವೆ. ಕೋಲು ಮುರಿಯಿರಿ ಅನ್ನುವುದಿಲ್ಲ.

ಇನ್ನೊಬ್ಬರು ಕೇಳಿದರು: "ಸತ್ತವನಿಗೆ ಹುಡುಕಿದರೇನು ಬಿಟ್ಟರೇನು? ಮರಳಿಗೆ ಅಮೆರಿಕದವನೂ ಒಂದೇ, ಅರಬನೂ ಒಂದೇ." ಸತ್ತವನಿಗೆ ಏನೂ ಇಲ್ಲ, ಒಪ್ಪಿದೆವು. ಆದರೆ ಹುಡುಕಾಟ ಸತ್ತವರಿಗಾಗಿ ಮಾತ್ರ ನಡೆಯುವುದಿಲ್ಲ. ಒಬ್ಬ ಸತ್ತರೆ ಲೆಕ್ಕ ಕೊಡಬೇಕಾಗುತ್ತದೆ ಅನ್ನುವ ಭಯ ಇದ್ದ ಕಡೆ ಅಧಿಕಾರದವನು ಬದುಕಿರುವವರನ್ನು ಖರ್ಚು ಮಾಡುವಾಗ ಸ್ವಲ್ಪ ಯೋಚನೆ ಮಾಡುತ್ತಾನೆ. ಲೆಕ್ಕ ಕೇಳುವವರೇ ಇಲ್ಲದ ಜನರನ್ನು ನೀರಿನ ಹಾಗೆ ಖರ್ಚು ಮಾಡುತ್ತಾನೆ. ಸತ್ತವರಿಗೆ ಸಿಕ್ಕದ ಲೆಕ್ಕ ಬದುಕಿರುವವರ ಕುತ್ತಿಗೆಗೆ ಬರುತ್ತದೆ.

ಹಾಗಾದರೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಕೇ? ಇಲ್ಲಿ ನಾವು ಎಚ್ಚರವಾಗಿರಬೇಕು. ಶಿಬಿರಕ್ಕೆ ಕೂಡಿದ ಜನರ ತಲೆಗಳನ್ನು ಇಟಲಿಯವರೂ ಎಣಿಸಿದ್ದರು. ದನದ ಕೊಟ್ಟಿಗೆಯ ಯಜಮಾನನೂ ಸಂಜೆ ದನ ಎಣಿಸುತ್ತಾನೆ. ಎಣಿಸುವುದು ಬೇರೆ, ಲೆಕ್ಕಕ್ಕೆ ಇಡುವುದು ಬೇರೆ. ನಮ್ಮ ಅಪ್ಪನ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ ೧ ಅಂತಿದೆ. ನಮ್ಮ ಚಿಕ್ಕಪ್ಪನದೂ ಜೂನ್ ೧. ಕೇರಿಯ ಅರ್ಧ ಜನರದು ಜೂನ್ ೧. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಮುಖ ನೋಡಿ ವರ್ಷ ಅಂದಾಜು ಮಾಡಿ ಬರೆದದ್ದು. ಎಣಿಸಿದರು, ಪುಣ್ಯಾತ್ಮರು, ಇಲ್ಲದಿದ್ದರೆ ನಮ್ಮ ಅಪ್ಪ ಶಾಲೆಗೇ ಹೋಗುತ್ತಿರಲಿಲ್ಲ. ಆದರೆ ಅವನು ಹುಟ್ಟಿದ ದಿನ ಯಾವುದು ಅನ್ನುವುದು ಆ ಪುಸ್ತಕಕ್ಕೆ ಇವತ್ತಿಗೂ ಗೊತ್ತಿಲ್ಲ.

೪

ಲಿಬಿಯಾ ದೂರದ ಮಾತಾಯಿತು ಅನ್ನುವವರಿಗೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಅದೂ ಇದೇ ಲಿಬರೇಟರ್ ನಮೂನೆಯ ವಿಮಾನದ್ದು.

ಯುದ್ಧದಲ್ಲಿ ಬರ್ಮಾ ಜಪಾನಿನ ಪಾಲಾದ ಮೇಲೆ ಚೀನಾಕ್ಕೆ ಸಾಮಾನು ಸಾಗಿಸಲು ಭೂಮಾರ್ಗ ಇರಲಿಲ್ಲ. ಅಸ್ಸಾಮಿನಿಂದ ಹಿಮಾಲಯದ ಪೂರ್ವ ತುದಿಯನ್ನು ಹಾರಿ ಚೀನಾದ ಕುನ್ಮಿಂಗ್‌ಗೆ ಹೋಗಬೇಕಿತ್ತು. ಪೈಲಟ್‌ಗಳು ಈ ದಾರಿಯನ್ನು 'ಹಂಪ್', ಅಂದರೆ ಗೂನು, ಅಂತ ಕರೆದರು. ಸುಮಾರು ೬೦೦ ವಿಮಾನಗಳು ಈ ದಾರಿಯಲ್ಲಿ ಬಿದ್ದವು. ೧೯೪೪ರ ಜನವರಿ ೨೫ರಂದು ಕುನ್ಮಿಂಗ್‌ನಿಂದ ಅಸ್ಸಾಮಿನ ಚಬುವಾಗೆ ಬರುತ್ತಿದ್ದ 'ಹಾಟ್ ಆಸ್ ಹೆಲ್' ಎಂಬ ಬಿ-೨೪ ಕೆಟ್ಟ ಹವೆಯಲ್ಲಿ ಕಣ್ಮರೆಯಾಯಿತು. ಒಳಗೆ ಎಂಟು ಜನ. ೨೦೦೬ರಲ್ಲಿ ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದವರೊಬ್ಬರು ಅರುಣಾಚಲ ಪ್ರದೇಶದ ದಮ್ರೋ ಊರಿನ ಮೇಲಿನ ಬೆಟ್ಟದಲ್ಲಿ ಅದನ್ನು ಪತ್ತೆ ಮಾಡಿದರು. ೨೦೧೬ರ ಏಪ್ರಿಲ್‌ನಲ್ಲಿ ಅಲ್ಲಿ ಸಿಕ್ಕ ಮೂಳೆಗಳನ್ನು ದೆಹಲಿಯಿಂದ ಸೈನಿಕ ಗೌರವದೊಂದಿಗೆ ಅಮೆರಿಕಕ್ಕೆ ಕಳಿಸಿಕೊಟ್ಟರು. ಅದರಲ್ಲಿ ಒಬ್ಬರ ಗುರುತು ಹತ್ತಿ ೨೦೧೭ರಲ್ಲಿ ಜಾರ್ಜಿಯಾ ರಾಜ್ಯದ ಅವರ ಊರಿನಲ್ಲಿ ಮಣ್ಣು ಮಾಡಿದರು. ಎಪ್ಪತ್ತಮೂರು ವರ್ಷದ ಮೇಲೆ! ಭಾರತದ ನೆಲದಲ್ಲಿ ಇನ್ನೂ ಸುಮಾರು ೪೦೦ ಅಮೆರಿಕನ್ನರು ಸಿಗಬೇಕು ಅಂತ ಅವರ ಪಟ್ಟಿ ಹೇಳುತ್ತದೆ. ೨೦೨೩ರಲ್ಲಿ ಅರುಣಾಚಲದ ಪಾಸಿಘಾಟಿನಲ್ಲಿ ಈ ವಿಮಾನಗಳ ನೆನಪಿಗೆ ಒಂದು ಮ್ಯೂಸಿಯಂ ಕೂಡ ಆಗಿದೆ.

'ಪತ್ತೆ ಮಾಡಿದರು' ಅಂತ ನಾವೂ ಬರೆದೆವು. ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಆ ಬೆಟ್ಟಗಳು ಆದಿ ಬುಡಕಟ್ಟಿನ ಜನರದು. ಬೇಟೆಗೆ ಹೋಗುವವರಿಗೆ ಆ ಲೋಹದ ಗುಡ್ಡೆ ಎಲ್ಲಿ ಬಿದ್ದಿದೆ ಅನ್ನುವುದು ಗೊತ್ತಿತ್ತು. ಹೊರಗಿನಿಂದ ಬಂದವರಿಗೆ ದಾರಿ ತೋರಿಸಿದವರೂ ಅವರೇ. ಹಾಗಾದರೆ ಪತ್ತೆಯಾದದ್ದು ಯಾರಿಗೆ? ಕಾಡಿನವನಿಗೆ ಗೊತ್ತಿದ್ದದ್ದು ತಿಳುವಳಿಕೆ ಅಲ್ಲ, ಅದು ಕಾಗದಕ್ಕೆ ಬಂದ ದಿನ ಮಾತ್ರ ತಿಳುವಳಿಕೆ ಅನ್ನುವ ಈ ಹಮ್ಮು ನಮಗೆ ಹೊಸದಲ್ಲ. ಈ ಹಮ್ಮಿನ ಕೆಳಗೇ ನಾವು ಓದಿ 'ವಿದ್ಯಾವಂತ'ರಾದದ್ದು. ಅದಕ್ಕೇ ಅದು ನಮ್ಮ ಪೆನ್ನಿನಿಂದಲೂ ಜಾರಿ ಬರುತ್ತದೆ.

ಆ ವಿಮಾನ ಬೀಳುವುದಕ್ಕೆ ಎರಡು ವರ್ಷ ಮುಂಚೆ, ೧೯೪೨ರಲ್ಲಿ, ಭಾರತ-ಬರ್ಮಾ ಗಡಿಯ ಕಾಡುಬೆಟ್ಟಗಳಲ್ಲಿ ಬೇರೆ ಜನ ನಡೆದು ಬಂದಿದ್ದರು. ಜಪಾನಿನ ಬಾಂಬಿಗೆ ಹೆದರಿ ಬರ್ಮಾದಿಂದ ಹೊರಟ ಸುಮಾರು ೫ ಲಕ್ಷ ಭಾರತೀಯರು. ರಂಗೂನಿನ ಹಡಗುಕಟ್ಟೆಯ ಕೂಲಿಗಳು, ರಿಕ್ಷಾ ಎಳೆಯುವವರು, ಬೀದಿ ಗುಡಿಸುವವರು, ಮಲ ಹೊರುವವರು. ತೆಲುಗರು, ತಮಿಳರು, ಒಡಿಯಾದವರು, ಬಂಗಾಳಿಗಳು. ಆ ಊರನ್ನು ತಮ್ಮ ಕೈಯಿಂದ ಚೊಕ್ಕ ಇಟ್ಟವರು ಕಾಲಿನಿಂದ ಆ ಊರು ಬಿಟ್ಟರು. ಮಳೆ, ಕೆಸರು, ಕಾಲರಾ, ಮಲೇರಿಯಾ. ಯುರೋಪಿಯನ್ನರಿಗೆ ಒಂದು ದಾರಿ, ಭಾರತೀಯರಿಗೆ ಇನ್ನೊಂದು ದಾರಿ ಅನ್ನುವ ಕೂಗು ಆಗಲೇ ಎದ್ದಿತ್ತು. ೧೯೪೨ರಲ್ಲಿ ಅಲಹಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಈ ಭೇದವನ್ನು ಖಂಡಿಸಿ ನಿರ್ಣಯ ಮಾಡಿತ್ತು. ಸತ್ತವರೆಷ್ಟು? ೧೦ ಸಾವಿರ ಅನ್ನುವವರಿದ್ದಾರೆ, ಅದರ ಐದು ಪಟ್ಟು ಅನ್ನುವವರೂ ಇದ್ದಾರೆ. ಇಲ್ಲೂ ಅದೇ ಕಥೆ. ಎರಡು ಅಂಕಿಗಳ ನಡುವೆ ಒಂದು ಜನಸಮೂಹವೇ ಬಿದ್ದುಹೋಗಿದೆ.

ಅದೇ ಗಡಿ ಸೀಮೆಯ ಮಣ್ಣಿನಲ್ಲಿ ಎರಡು ಬಗೆಯ ಮೂಳೆಗಳಿವೆ. ಒಂದಕ್ಕೆ ಪಟ್ಟಿ ಇದೆ, ಆದ್ದರಿಂದ ಅವು 'ಕಾಣೆಯಾದ' ಮೂಳೆಗಳು. ಇನ್ನೊಂದಕ್ಕೆ ಪಟ್ಟಿ ಇಲ್ಲ, ಆದ್ದರಿಂದ ಅವು ಬರೀ ಮಣ್ಣು. ಅಮೆರಿಕ ಸರ್ಕಾರ ತನ್ನ ಸತ್ತ ಕೂಲಿಯ ಮಗನನ್ನು ಹುಡುಕಲು ಏಳು ಸಮುದ್ರ ದಾಟಿ ಬಂತು. ರಂಗೂನಿನ ಮಲ ಹೊತ್ತವನನ್ನು ಹುಡುಕಲು ಯಾರೂ ಒಂದು ಬೆಟ್ಟ ದಾಟಲಿಲ್ಲ. ಆಗ ಬ್ರಿಟಿಷರ ಆಳ್ವಿಕೆ ಇತ್ತು ಅಂತ ನೆಪ ಹೇಳಬಹುದು. ಆಮೇಲೆ ಎಂಬತ್ತು ವರ್ಷ ಹತ್ತಿರ ನಮ್ಮದೇ ಆಳ್ವಿಕೆ ಇದೆಯಲ್ಲ?

೫

ಬಿದ್ದ ವಿಮಾನಗಳನ್ನು ಹುಡುಕಿ ಮ್ಯೂಸಿಯಂನಲ್ಲಿ ಇಡುವುದೊಂದೇ ದಾರಿ ಅಲ್ಲ. ಇನ್ನೊಂದು ದಾರಿಯ ಕಥೆ ನಮ್ಮ ಬೆಂಗಳೂರಿಗೆ ಸೇರಿದ್ದು.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಹತ್ತಾರು ಲಿಬರೇಟರ್‌ಗಳು ಕಾನ್ಪುರದ ಚಕೇರಿ ನೆಲೆಯಲ್ಲಿ ಉಳಿದವು. ಬಿಟ್ಟುಹೋಗುವ ಮುಂಚೆ ಅವನ್ನು ಇನ್ನೊಬ್ಬರು ಹಾರಿಸದ ಹಾಗೆ ಬೇಕೆಂದೇ ಹಾಳು ಮಾಡಿದ್ದರು. ಕೆಲವದರ ಎಂಜಿನ್ನಿಗೆ ಮರಳು ಸುರಿದಿದ್ದರು ಅಂತ ಹೇಳುತ್ತಾರೆ. ಸಹಾರಾದ ಮರಳು ಒಂದು ಲಿಬರೇಟರನ್ನು ಹದಿನೈದು ವರ್ಷ ಕೆಡದಂತೆ ಕಾಪಾಡಿತ್ತು. ಇಲ್ಲಿ ಮನುಷ್ಯರೇ ಮರಳು ಸುರಿದಿದ್ದರು. ೧೯೪೮ರ ಹೊತ್ತಿಗೆ ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಾಯಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಗುಜರಿಯನ್ನು ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿ, ಪೈಲಟ್ ಜಂಶೆಡ್ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿದರು. ಹೀಗೆ ಸುಮಾರು ೪೦ ವಿಮಾನಗಳಿಗೆ ಜೀವ ಬಂತು. ೧೯೬೮ರವರೆಗೆ ಅವು ಹಾರಿದವು. ಅವುಗಳಲ್ಲಿ ಕೆಲವು ಇವತ್ತು ಇಂಗ್ಲೆಂಡ್, ಅಮೆರಿಕ, ಕೆನಡಾ ದೇಶಗಳ ಮ್ಯೂಸಿಯಂಗಳಲ್ಲಿವೆ. ತಾವು ಹಾಳು ಮಾಡಿ ಬಿಟ್ಟುಹೋದದ್ದನ್ನು ನಾವು ಸರಿ ಮಾಡಿ ಇಟ್ಟೆವು ಅಂತ ಹೆಮ್ಮೆ ಪಡಬಹುದು. ನಾವೂ ಪಟ್ಟೆವು.

ಆದರೆ ಹೆಮ್ಮೆ ಪಟ್ಟು ಮುಗಿಸುವಷ್ಟರಲ್ಲಿ ಅದೇ ಮುಳ್ಳು ಮತ್ತೆ ಚುಚ್ಚಿತು. ಪೈಲಟ್ ಮುನ್ಶಿಯ ಹೆಸರು ಸಿಕ್ಕಿತು. ಅವರ ಧೈರ್ಯ ದೊಡ್ಡದೇ. ಮುರಿದ ರೆಕ್ಕೆಯೊಳಗೆ ತಲೆ ತೂರಿಸಿ ರಿವೆಟ್ ಹೊಡೆದವರು, ಎಂಜಿನ್ ಬಿಚ್ಚಿ ಒಂದೊಂದು ಬೋಲ್ಟ್ ತೊಳೆದವರು, ಎಣ್ಣೆಯ ನೆಲ ಒರೆಸಿದವರು, ಇವರ ಹೆಸರು ನಾವು ಓದಿದ ಯಾವ ಬರಹದಲ್ಲೂ ಕಾಣಲಿಲ್ಲ. ಇವರು ಶತ್ರುಗಳಲ್ಲ, ಪರದೇಶದವರಲ್ಲ, ಸಂಬಳದ ರಿಜಿಸ್ಟರಿನಲ್ಲಿ ಸಹಿ ಹಾಕಿದವರು. ಆದರೂ ಕಥೆಗೆ ಬರಲಿಲ್ಲ. ಆದ್ದರಿಂದ ಈ ರೋಗ ಬಿಳಿಯರದು ಮಾತ್ರ ಅಂತ ಹೇಳಿ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ.

೬

ಪಟ್ಟಿ ಇಲ್ಲದ ಜನ ತಮ್ಮವರನ್ನು ಹೇಗೆ ಉಳಿಸಿಕೊಂಡರು? ಅಲ್-ಅಘೈಲಾ ಶಿಬಿರದ ಮುಳ್ಳುತಂತಿಯೊಳಗೆ ಕೈದಿಯಾಗಿದ್ದ ರಜಬ್ ಬುಹ್ವೈಶ್ ಅಲ್-ಮಿನಿಫಿ ಎಂಬ ಕವಿ ಅಲ್ಲಿಯ ಸಂಕಟವನ್ನೆಲ್ಲ ಒಂದು ಉದ್ದನೆಯ ಪದ ಕಟ್ಟಿ ಹಾಡಿದರು. ಅದು ಲಿಬಿಯಾದ ಜನರ ಬಾಯಿಂದ ಬಾಯಿಗೆ ಹರಿದು ಇವತ್ತಿಗೂ ಉಳಿದಿದೆ. ಅಲಿ ಅಬ್ದುಲ್ಲತೀಫ್ ಅಹ್ಮಿದಾ ಎಂಬ ಲಿಬಿಯಾದ ವಿದ್ವಾಂಸರು ಇಂಥ ಹಾಡುಗಳನ್ನೂ ಬದುಕಿ ಉಳಿದವರ ಮಾತುಗಳನ್ನೂ ಕೂಡಿಸಿಕೊಂಡು ೨೦೨೦ರಲ್ಲಿ ಆ ಶಿಬಿರಗಳ ಇತಿಹಾಸ ಬರೆದರು. ಇಟಲಿ ೨೦೦೮ರಲ್ಲಿ ಕ್ಷಮೆ ಕೇಳಿ ೫೦೦ ಕೋಟಿ ಡಾಲರ್ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತ್ತು. ಉಮರ್ ಮುಖ್ತಾರ್ ಬಗ್ಗೆ ೧೯೮೧ರಲ್ಲಿ ಬಂದ ಸಿನಿಮಾವನ್ನು ಮಾತ್ರ ೨೦೦೯ರವರೆಗೆ ತನ್ನ ಜನಕ್ಕೆ ತೋರಿಸಿರಲಿಲ್ಲ. ಸರ್ಕಾರಕ್ಕೆ ದುಡ್ಡು ಕೊಡುವುದು ಸುಲಭ, ಕಥೆ ಕೇಳುವುದು ಕಷ್ಟ.

ನಮ್ಮ ಮನೆಯಲ್ಲಿ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ಅಜ್ಜಿ ಒಂದೊಂದು ಹೆಸರು ಹೇಳಿ ಒಂದೊಂದು ತುತ್ತು ಇಡುತ್ತಿದ್ದಳು. ಬಾವಿ ತೋಡಲು ಹೋದವನು, ಕಾಫಿ ತೋಟಕ್ಕೆ ಹೋಗಿ ವಾಪಸು ಬರದವಳು, ಹೆರಿಗೆಯಲ್ಲಿ ಹೋದವಳು, ಹೆಸರಿಡುವ ಮುಂಚೆ ಹೋದ ಕೂಸು. ಕೊನೆಗೆ, "ಮರೆತುಹೋದವರೆಲ್ಲ ಬಂದು ಉಣ್ಣಿ" ಅಂತ ಒಂದು ತುತ್ತು ಬೇರೆ ಇಡುತ್ತಿದ್ದಳು. ಕಾಲೇಜಿಗೆ ಹೋಗಿ ಬಂದ ಸೊಕ್ಕಿನಲ್ಲಿ ನಾವು ಅದನ್ನು ಮೂಢನಂಬಿಕೆ ಅಂತ ನಕ್ಕಿದ್ದೆವು. ಸತ್ತವರು ಬಂದು ಉಣ್ಣುತ್ತಾರೆ ಅಂತ ಇವತ್ತೂ ನಾವು ನಂಬುವುದಿಲ್ಲ. ಆದರೆ ಅಜ್ಜಿ ಆ ದಿನ ಮಾಡುತ್ತಿದ್ದದ್ದು ಹೆಸರು ಕೂಗುವ ಕೆಲಸ. ಅಕ್ಷರ ಬಾರದ ಅವಳ ಬಾಯಲ್ಲಿ ನಮ್ಮ ವಂಶದ ಹಾಜರಿ ಪುಸ್ತಕ ಇತ್ತು. ಅವಳು ತೀರಿಕೊಂಡ ವರ್ಷ ನಮಗೆ ನೆನಪಾದದ್ದು ಏಳು ಹೆಸರು. ಉಳಿದವರನ್ನು ನಾವು ಕಳೆದುಕೊಂಡೆವು. ಪೆನ್ನು ಕಾಗದ ಇದ್ದ ನಾವೇ ಕಳೆದುಕೊಂಡೆವು.

ಈ ಬರಹ ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳಿದ್ದೀರಿ, ಕಾಲೇಜು ಹುಡುಗ ಹುಡುಗಿಯರಿದ್ದೀರಿ, ಸಂಘಟನೆಯ ಸಂಗಾತಿಗಳಿದ್ದೀರಿ. ಬೆಟ್ಟ ಹತ್ತಿ ವಿಮಾನ ಹುಡುಕುವಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ನಮ್ಮವರು ಯಾರೂ ಅಷ್ಟು ದೂರ ಬಿದ್ದೂ ಇಲ್ಲ. ಅಣೆಕಟ್ಟಿನ ಕೆಳಗೆ, ಕಲ್ಲು ಕ್ವಾರಿಯಲ್ಲಿ, ಊರ ಚರಂಡಿಯ ಮ್ಯಾನ್‌ಹೋಲಿನಲ್ಲಿ, ಹತ್ತಿರದಲ್ಲೇ ಇದ್ದಾರೆ. ಅವರ ಹೆಸರು ಗೊತ್ತಿರುವ ಮುದುಕಿಯರು ಇನ್ನೂ ಬದುಕಿದ್ದಾರೆ. ಒಂದು ನೋಟುಬುಕ್ಕು ತೆಗೆದುಕೊಂಡು ಹೋಗಿ ಅವರ ಮುಂದೆ ಕೂರಿ. ಹೆಸರು, ಊರು, ಯಾವ ಕೆಲಸಕ್ಕೆ ಹೋದರು, ಯಾವ ವರ್ಷ ಬರಲಿಲ್ಲ, ಬರೆದುಕೊಳ್ಳಿ. ವರ್ಷ ಗೊತ್ತಿಲ್ಲ ಅಂದರೆ 'ದೊಡ್ಡ ಬರ ಬಂದ ವರ್ಷ' ಅಂತಲೇ ಬರೆಯಿರಿ. ದಯವಿಟ್ಟು ಜೂನ್ ೧ ಅಂತ ಬರೆಯಬೇಡಿ.

ಆ ಪುಸ್ತಕವನ್ನು ಯಾವತ್ತಾದರೂ ಒಂದು ದಿನ ಜೋರಾಗಿ ಓದೋಣ. ಒಂದೊಂದೇ ಹೆಸರು ಕೂಗೋಣ. ಉತ್ತರ ಬರುವುದಿಲ್ಲ, ನಿಜ. ಆದರೆ ಆವತ್ತು ಮೊದಲ ಸಲ ಅವರು ಕಾಣೆಯಾಗಿದ್ದಾರೆ ಅಂತ ಎಲ್ಲರಿಗೂ ತಿಳಿಯುತ್ತದೆ. ಆಮೇಲೆ ಎಲ್ಲಿ ಹೋದರು, ಯಾರು ಕಳಿಸಿದರು, ಯಾಕೆ ಬರಲಿಲ್ಲ ಅಂತ ಕೇಳಬಹುದು.